ಮೂರು ದಿನದ ಮುನ್ಸೂಚನೆ: ಕೊಕ್ಕರೆ ಬೆಳ್ಳೂರಿನ ಚಳಿಗಾಲಕ್ಕೆ ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಕೊಕ್ಕರೆ ಬೆಳ್ಳೂರಿನವರಿಗೆ, ಸುತ್ತಿನ ಮದ್ದೂರು–ಮಳವಳ್ಳಿ ಕಡೆಯ ರೈತರಿಗೆ ಮತ್ತು ಇಲ್ಲಿಗೆ ಹಕ್ಕಿ ನೋಡಲು ಬರುವವರಿಗೆ. ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಪಾಲಿಸಬೇಕಾದ್ದು. ಈ ದಿನಗಳಲ್ಲೇ ರಾಗಿ ಕೊಯ್ಲಿಗೆ ಬರುತ್ತದೆ, ಆಲೆಮನೆಗಳು ಉರಿಯುತ್ತವೆ, ರೇಷ್ಮೆ ಹುಳು ಮನೆಗೆ ಚಳಿ ನುಗ್ಗುತ್ತದೆ, ಮಾವು ಹೂ ಬಿಡುತ್ತದೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ, ಅತ್ತಿ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಎರಡು ದಿನ ಬಿಡದೆ ಹಿಡಿದ ಅಕಾಲಿಕ ಮಳೆಗೆ ವರ್ಷದ ರಾಗಿಯೂ ಹೋಗಬಹುದು, ಗೂಡಿನ ಮರಿಯೂ ಹೋಗಬಹುದು. ಮಳೆಯನ್ನು ತಡೆಯಲು ಆಗದು. ಅದು ಬರುತ್ತಿದೆ ಎಂದು ಎರಡು ಮೂರು ದಿನ ಮುಂಚೆ ತಿಳಿಯಲು ಈಗ ದಾರಿಯಿದೆ. ತಿಳಿದೂ ಕೈಕಟ್ಟಿ ಕೂರುವಂತೆ ಆಗಬಾರದು, ತಪ್ಪಾಗಿ ತಿಳಿದು ಹೆದರುವಂತೆಯೂ ಆಗಬಾರದು.

ಮುನ್ಸೂಚನೆಯಲ್ಲಿ ನಮ್ಮ ಸಾಲು

ಭಾರತ ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ಮಾಡಿಕೊಂಡಿದೆ. ಕರ್ನಾಟಕದಲ್ಲಿ ಮೂರಿವೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಮಂಡ್ಯ ಜಿಲ್ಲೆ ದಕ್ಷಿಣ ಒಳನಾಡಿಗೆ ಸೇರಿದೆ. ಟಿ.ವಿ.ಯಲ್ಲಿ ದೇಶದ ಹವಾಮಾನ ಎಷ್ಟು ಹೊತ್ತು ಬಂದರೂ ನೀವು ಹುಡುಕಬೇಕಾದ್ದು ದಕ್ಷಿಣ ಒಳನಾಡಿನ ಸಾಲನ್ನು, ಅದರೊಳಗೆ ಮಂಡ್ಯವನ್ನು. ಅದು ಕಣ್ಣಿಗೆ ಬೀಳುವವರೆಗೆ ಕೊಯ್ಲು, ಒಕ್ಕಣೆ, ಪ್ರಯಾಣ ಯಾವುದನ್ನೂ ತೀರ್ಮಾನಿಸಬೇಡಿ.

ಉತ್ತರದ ಚಳಿ ಸುದ್ದಿಯನ್ನು ನಮ್ಮ ಊರಿಗೆ ತಂದುಕೊಳ್ಳಬೇಡಿ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಮೋಡದ ಸಾಲುಗಳು ಒಂದರ ಹಿಂದೊಂದು ಬಂದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದಲ್ಲಿ ಹಿಮ ಸುರಿಸುತ್ತವೆ. ಅವು ದಾಟಿ ಹೋದ ಮೇಲೆ ವಾಯವ್ಯದ ತಣ್ಣನೆಯ ಒಣಗಾಳಿ ಪಂಜಾಬ್, ಹರಿಯಾಣ, ದೆಹಲಿ, ಉತ್ತರ ಪ್ರದೇಶದ ಬಯಲಿಗೆ ಇಳಿಯುತ್ತದೆ. ಕೆಲವು ವರ್ಷ ಅದರ ಚಳಿ ಬೀದರ್, ಕಲಬುರಗಿ, ವಿಜಯಪುರವನ್ನೂ ಮುಟ್ಟುತ್ತದೆ. ಮದ್ದೂರಿಗೆ ಬರುವ ಹೊತ್ತಿಗೆ ಅದರ ಕಸುವು ಬಹುಪಾಲು ಮುಗಿದಿರುತ್ತದೆ. ಬಯಲಿನಲ್ಲಿ ಶೀತಗಾಳಿ ಎಂದು ಇಲಾಖೆ ಘೋಷಿಸಬೇಕಾದರೆ ಕನಿಷ್ಠ ತಾಪಮಾನ 10 ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ಇಳಿಯಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಇಲ್ಲವೇ 4 ಡಿಗ್ರಿಗೇ ಬಂದು ನಿಲ್ಲಬೇಕು. ನಮ್ಮಲ್ಲಿ ಡಿಸೆಂಬರ್–ಜನವರಿಯ ಇರುಳು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲೂ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು.

ನಮ್ಮ ಚಳಿಗಾಲದ ಗಂಡಾಂತರ ಬರುವುದು ಮೂಡಣದಿಂದ, ಬಂಗಾಳ ಕೊಲ್ಲಿಯಿಂದ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ನೆಲ ಮುಟ್ಟಿತು. ಪುದುಚೇರಿಯಲ್ಲಿ ಒಂದೇ ದಿನ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅದು ಅಲ್ಲಿಗೇ ಮುಗಿಯಲಿಲ್ಲ. ಶಕ್ತಿ ಕುಂದುತ್ತಾ ಪಶ್ಚಿಮಕ್ಕೆ ಸರಿದು, ತಮಿಳುನಾಡು ದಾಟಿ, ಡಿಸೆಂಬರ್ ಮೊದಲ ದಿನಗಳಲ್ಲಿ ದಕ್ಷಿಣ ಒಳನಾಡಿನ ಮೇಲೆ ಮಳೆ ಹಿಡಿಸಿ ಅರಬ್ಬಿ ಸಮುದ್ರದ ಕಡೆ ಹೋಯಿತು. ರಾಗಿ ಕೊಯ್ಲಿನ ನಟ್ಟನಡುವೆ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಬಳಿ ದಡ ದಾಟಿದಾಗಲೂ ಇಲ್ಲಿ ದಿನಗಟ್ಟಲೆ ಸೂರ್ಯ ಕಾಣದೆ ಸೋನೆ, ಕೊರೆವ ಗಾಳಿ.

ಆದ್ದರಿಂದ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಎಂಬ ಮಾತು ಕೇಳಿಬಂದ ದಿನದಿಂದ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಮುನ್ಸೂಚನೆ ನೋಡಲೇಬೇಕು. ಅದು ಎಲ್ಲಿ ದಡ ಮುಟ್ಟುತ್ತದೆ ಎಂಬುದನ್ನು ಮೊದಲು ಗಮನಿಸಿ. ಚೆನ್ನೈ, ಪುದುಚೇರಿ, ನಾಗಪಟ್ಟಣದ ನಡುವೆ ಎಂದಿದ್ದರೆ ಅದರ ಮಳೆ ನಮ್ಮವರೆಗೂ ಬರುವ ಸಂಭವ ಹೆಚ್ಚು. ಉತ್ತರಕ್ಕೆ ತಿರುಗಿ ಆಂಧ್ರ, ಒಡಿಶಾ ಕಡೆ ಹೋಗುವುದಾದರೆ ನಮಗೆ ಬರೀ ಮೋಡ ಉಳಿಯಬಹುದು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿದರೂ ಕೊನೆಗೆ ನೆಲ ಮುಟ್ಟಿದ್ದು ಆಂಧ್ರದ ಬಾಪಟ್ಲ ಬಳಿ. ಚಂಡಮಾರುತದ ಹೆಸರು ಕೇಳಿ ತೀರ್ಮಾನ ಮಾಡಬೇಡಿ, ದಾರಿ ನೋಡಿ ಮಾಡಿ.

ಇಲಾಖೆಯ ಲೆಕ್ಕದಲ್ಲಿ ಅಲ್ಪಾವಧಿ ಮುನ್ಸೂಚನೆ ಎಂದರೆ ಮುಂದಿನ 72 ಗಂಟೆ. ಹತ್ತು ದಿನದವರೆಗಿನದು ಮಧ್ಯಮಾವಧಿ. ಪ್ರತಿ ಗುರುವಾರ ಹೊರಡುವ ವಿಸ್ತೃತ ಮುನ್ಸೂಚನೆ ಮುಂದಿನ ವಾರಗಳದ್ದು. ಆಳು ಹೇಳುವುದು, ಯಂತ್ರ ಗೊತ್ತು ಮಾಡುವುದು ಹತ್ತು ದಿನದ ಮುನ್ಸೂಚನೆ ನೋಡಿ ಆಗಲಿ. ಕುಡುಗೋಲು ಹಾಕುವುದು ಮಾತ್ರ ಮೂರು ದಿನದ ಮುನ್ಸೂಚನೆ ನೋಡಿಯೇ. ನಿನ್ನೆಯ ಮುನ್ಸೂಚನೆಯಿಂದ ಇವತ್ತಿನ ಕೆಲಸ ನಡೆಸಬಾರದು. ಕೊಲ್ಲಿಯ ಮೇಲಿನ ಮೋಡ ಆರು ಗಂಟೆಯಲ್ಲಿ ದಾರಿ ಬದಲಿಸಬಹುದು.

ಬಣ್ಣಗಳ ಅರ್ಥ ಮನೆಯ ಮಕ್ಕಳಿಗೂ ಗೊತ್ತಿರಲಿ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನ ಇಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಈಗಲೇ ಕೆಲಸ ಮಾಡಿ. ಬಣ್ಣ ಒಂದು ಜಿಲ್ಲೆಗೆ, ಒಂದು ದಿನಕ್ಕೆ ಸೇರಿದ್ದು. ನಾಳೆ ಹಳದಿ ಇದ್ದರೆ ನಾಡಿದ್ದೂ ಹಳದಿ ಎಂದು ಎಣಿಸಬೇಡಿ.

‘ಅಲ್ಲಲ್ಲಿ ಮಳೆ’ ಎಂಬ ಮಾತಿಗೂ ಅಳತೆ ಇದೆ: ಆ ಪ್ರದೇಶದ ಮಳೆಮಾಪಕಗಳಲ್ಲಿ ಕಾಲು ಭಾಗದವರೆಗೆ ಮಾತ್ರ ಮಳೆ ದಾಖಲಾಗುವ ನಿರೀಕ್ಷೆ ಎಂದು. ನಮ್ಮ ಹೊಲಕ್ಕೆ ಬರಲೂಬಹುದು, ಬಾರದೆಯೂ ಇರಬಹುದು. ‘ಬಹುತೇಕ ಕಡೆ’ ಎಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಅಂಥ ದಿನ ಬಾರದೇ ಹೋಗಬಹುದು ಎಂಬ ಭರವಸೆ ಇಟ್ಟುಕೊಳ್ಳಬೇಡಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ ಮಳೆ. ಅರಿ ಹಾಕಿದ ರಾಗಿ ಕೆಡಲು ಅಷ್ಟು ಬೇಕಿಲ್ಲ, 10 ಮಿಲಿಮೀಟರ್ ಸಾಕು. ಆದ್ದರಿಂದ ‘ಭಾರಿ ಮಳೆ ಇಲ್ಲ’ ಎಂಬುದು ಬೇರೆಯವರಿಗೆ ಸಮಾಧಾನ, ಕಣದಲ್ಲಿ ಬೆಳೆ ಇರುವವರಿಗೆ ಅಲ್ಲ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ ಎಂಬುದೂ ನೆನಪಿರಲಿ.

ಚಳಿಯ ಅಂಕಿಯ ಬಗ್ಗೆ ಇನ್ನೊಂದು ಮಾತು. ತಾಪಮಾನ ಅಳೆಯುವುದು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ. ಮೋಡವಿಲ್ಲದ, ಗಾಳಿ ನಿಂತ ಇರುಳಿನಲ್ಲಿ ನೆಲಮಟ್ಟ ಅದಕ್ಕಿಂತ ಕೆಲವು ಡಿಗ್ರಿ ತಣ್ಣಗಿರುತ್ತದೆ. ‘ಒಣಹವೆ, ಕನಿಷ್ಠ 13’ ಎಂದು ಬಂದರೆ ಟೊಮ್ಯಾಟೊ ಸಸಿಮಡಿಗೂ ನೆಲದ ಮೇಲೆ ಮಲಗುವ ಕುರಿಮರಿಗೂ 13 ಇರುವುದಿಲ್ಲ. ಮೋಡ ಮುಚ್ಚಿದರೆ ಇರುಳು ಬೆಚ್ಚಗಾಗುತ್ತದೆ, ಹಗಲು ತಣ್ಣಗಾಗುತ್ತದೆ.

ಮುನ್ಸೂಚನೆಯನ್ನು ಹವಾಮಾನ ಇಲಾಖೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ಅದರ ವರುಣ ಮಿತ್ರ ಸಹಾಯವಾಣಿ, ಮೇಘದೂತ್ ಆ್ಯಪ್, ಆಕಾಶವಾಣಿ ಇವುಗಳಿಂದಲೇ ಪಡೆಯಿರಿ. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯನ್ನು ಬಿಡದೆ ಓದಿ. ತಾರೀಖು ಇಲ್ಲದ ಯಾವ ಸಂದೇಶವನ್ನೂ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಕೂಡದು. ಹಿಂದಿನ ವರ್ಷದ ಚಂಡಮಾರುತದ ವಿಡಿಯೊ ಈ ವರ್ಷದ್ದೆಂದು ಬಂದರೆ ಹಸಿ ರಾಗಿಯನ್ನೇ ಕೊಯ್ದು ಮನೆಗೆ ತರುವವರು ಇದ್ದಾರೆ. ಆ ನಷ್ಟಕ್ಕೆ ಕಳಿಸಿದವರೇ ಹೊಣೆ.

ರಾಗಿ, ಆಲೆಮನೆ, ಮಾವು

ಮುಂದಿನ ಮೂರು ದಿನವೂ ಒಣಹವೆ ಎಂದಿದ್ದರೆ ಮಾತ್ರ ಕೊಯ್ಯಿರಿ. ಅರಿ ಹಾಕಿದ ಬೆಳೆ ಒಣಗಲು ಅಷ್ಟು ಬಿಸಿಲು ಬೇಕು. ಮಳೆ ಎಂದಿದ್ದರೆ ನಿಂತ ಬೆಳೆಯನ್ನು ನಿಂತಂತೆಯೇ ಬಿಡಿ. ಕೊಯ್ದು ಹೊಲದಲ್ಲಿ ಮಲಗಿಸಿದ ರಾಗಿ ನೀರು ಕುಡಿದು ಕಪ್ಪಾಗುವಷ್ಟು ಬೇಗ ನಿಂತ ರಾಗಿ ಕೆಡುವುದಿಲ್ಲ. ಈಗಾಗಲೇ ಕೊಯ್ದಾಗಿದ್ದರೆ ಎಷ್ಟು ಹೊತ್ತಾದರೂ ಅದೇ ದಿನ ಕಟ್ಟು ಕಟ್ಟಿ, ನೀರು ನಿಲ್ಲದ ಎತ್ತರದ ಜಾಗಕ್ಕೆ ಸಾಗಿಸಿ, ತೆನೆ ಒಳಗೂ ಬುಡ ಹೊರಗೂ ಬರುವಂತೆ ಮೆದೆ ಹಾಕಿ ಟಾರ್ಪಾಲು ಮುಚ್ಚಿ. ಟಾರ್ಪಾಲನ್ನು ನವೆಂಬರ್ ಮೊದಲ ವಾರವೇ ಬಿಚ್ಚಿ ತೂತು ನೋಡಿ ಇಟ್ಟುಕೊಳ್ಳಬೇಕು. ಮಳೆ ಬಂದ ದಿನ ಮದ್ದೂರಿನ ಅಂಗಡಿಗೆ ಓಡಿದರೆ ಆಗದು.

ಮಳೆ ನಿಂತ ಮೇಲೆ ಟಾರ್ಪಾಲನ್ನು ಹಾಗೇ ಬಿಡಬೇಡಿ. ಬಿಸಿಲು ಬಿದ್ದ ಕೂಡಲೆ ಒಳಗೆ ಬೆವರುತ್ತದೆ, ತೆನೆ ಮೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ತೆಗೆಯಿರಿ, ಸೂರ್ಯ ಇಳಿಯುವ ಮುಂಚೆ ಮತ್ತೆ ಮುಚ್ಚಿ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ನೂರಕ್ಕೆ 12 ದಾಟಬಾರದು. ಇಬ್ಬನಿಯಲ್ಲೇ ಒಕ್ಕಿ ಚೀಲ ತುಂಬಿದರೆ ಖರೀದಿ ಕೇಂದ್ರದ ಬಾಗಿಲಲ್ಲಿ ಮಾಲು ವಾಪಸ್ ಬರುತ್ತದೆ.

ಡಾಂಬರು ರಸ್ತೆಯ ಮೇಲೆ ರಾಗಿ, ಹುರುಳಿ ಹರಡಕೂಡದು. ಕಣ ಮಾಡಿಕೊಳ್ಳುವುದು ಕಷ್ಟ, ಆಳಿನ ಕೂಲಿ ಹೆಚ್ಚು, ಓಡಾಡುವ ವಾಹನವೇ ಒಕ್ಕಿ ಕೊಡುತ್ತದೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಮಂಜು ಮುಸುಕಿದ ಬೆಳಗಿನಲ್ಲಿ ಒದ್ದೆ ಹುಲ್ಲಿನ ಮೇಲೆ ಜಾರಿ ಬೀಳುವ ಬೈಕಿನವನು ನಮ್ಮ ಊರಿನ ಹುಡುಗನೇ ಆಗಿರುತ್ತಾನೆ. ಹುಲ್ಲು ಸರಿಯದಂತೆ ಇಟ್ಟ ಕಲ್ಲು ಇನ್ನೂ ಅಪಾಯದ್ದು. ಒಕ್ಕಣೆ ಯಂತ್ರ ಬಾಡಿಗೆಗೆ ಸಿಗುತ್ತದೆ. ನಾಲ್ಕು ಮನೆ ಸೇರಿ ತರಿಸಿ.

ಆಲೆಮನೆಯವರು ಒಣಗಿದ ಕಬ್ಬಿನ ಸಿಪ್ಪೆಯನ್ನು ಮಳೆಗೆ ಮುಂಚೆ ಮುಚ್ಚಿಡಬೇಕು. ಒದ್ದೆ ಸಿಪ್ಪೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಕಬ್ಬಿನ ಸೋಗೆಗೆ, ಭತ್ತದ ಹುಲ್ಲಿಗೆ ಬೆಂಕಿ ಇಡಕೂಡದು. ಮಾಗಿಯ ಇರುಳಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೇರದೆ ಊರ ಮೇಲೇ ಕೂರುತ್ತದೆ. ಮರದ ತುದಿಯ ಗೂಡುಗಳೂ ಆ ಹೊಗೆಯೊಳಗೇ ಇರುತ್ತವೆ.

ಮಾವು ಹೂ ಬಿಟ್ಟ ಮೇಲೆ ಮೋಡ, ಇಬ್ಬನಿ ಕೂಡಿದರೆ ಬೂದಿರೋಗವೂ ಜಿಗಿಹುಳುವೂ ಏರುತ್ತವೆ. ಆದರೂ 24 ಗಂಟೆಯೊಳಗೆ ಮಳೆ ಎಂದಿದ್ದರೆ ಔಷಧಿ ಹೊಡೆಯಬೇಡಿ, ದುಡ್ಡೆಲ್ಲ ನೆಲಕ್ಕೆ ಇಳಿದು ಹೋಗುತ್ತದೆ. ಹೂ ಪೂರ್ತಿ ಅರಳಿರುವಾಗಂತೂ ಕೂಡದು, ಜೇನ್ನೊಣ ಸಾಯುತ್ತದೆ. ಉಳಿದ ಔಷಧಿಯನ್ನು ಕಾಲುವೆಗೆ, ಕೆರೆಗೆ ಚೆಲ್ಲಬೇಡಿ. ಹೆಜ್ಜಾರ್ಲೆ ಮರಿಗೆ ತರುವ ಮೀನು ಆ ನೀರಿನದೇ.

ಹುಳು ಮನೆ, ಕೊಟ್ಟಿಗೆ, ಮಲಗುವ ಕೋಣೆ

ರೇಷ್ಮೆ ಹುಳುವಿಗೆ ಬೇಕಾದ್ದು 24ರಿಂದ 28 ಡಿಗ್ರಿ. ಚಾಕಿ ಹುಳುವಿಗೆ ಹೆಚ್ಚಿನದು, ದೊಡ್ಡ ಹುಳುವಿಗೆ ಕಡಿಮೆಯದು. ಹೊರಗೆ 14 ಇರುವ ರಾತ್ರಿ ಹುಳು ಮೇಯುವುದಿಲ್ಲ, ಜ್ವರಕ್ಕೆ ಹೋದದ್ದು ಒಟ್ಟಿಗೆ ಏಳುವುದಿಲ್ಲ. ಚಳಿಯ ಜೊತೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗ. ‘ಒಣಹವೆ, ಕನಿಷ್ಠ ತಾಪಮಾನ ಇಳಿಕೆ’ ಎಂದಿದ್ದರೆ ಸಂಜೆಯೇ ಬಿಸಿ ಮಾಡಲು ಶುರು ಮಾಡಿ, ನಡುರಾತ್ರಿಗೆ ಕಾಯಬೇಡಿ. ‘ಮೋಡ, ಸೋನೆ’ ಎಂದಿದ್ದರೆ ಒದ್ದೆ ಸೊಪ್ಪು ಹಾಕಕೂಡದು. ಹಿಂದಿನ ದಿನವೇ ಕೊಯ್ದು, ಗೋಣಿ ಮುಚ್ಚಿ ಇಟ್ಟುಕೊಳ್ಳಿ. ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ತೆಗೆಯಿರಿ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಗಾಳಿಯಾಡಲೇಬೇಕು, ಚಳಿ ಎಂದು ಕಿಟಕಿ ಪೂರ್ತಿ ಮುಚ್ಚಬೇಡಿ.

ಈ ಸೂಚನೆಯಲ್ಲಿ ಎಲ್ಲಕ್ಕಿಂತ ಬಿಗಿಯಾಗಿ ಹೇಳಬೇಕಾದ್ದು ಇದು: ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಕೂಡದು. ಹುಳು ಮನೆಯಲ್ಲೂ ಕೂಡದು, ಬಾಣಂತಿ ಕೋಣೆಯಲ್ಲೂ ಕೂಡದು. ಇದ್ದಿಲು ಅರೆಬರೆ ಉರಿದಾಗ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಆಗದು. ಕೋಣೆ ಬಿಸಿ ಮಾಡಿ, ಕೆಂಡವನ್ನು ಹೊರಗೆ ಹಾಕಿ, ಆಮೇಲೆ ಮಲಗಿ. ಹುಳು ಮನೆಗೆ ವಿದ್ಯುತ್ ಹೀಟರ್ ಇಡುವವರು ಪಕ್ಕದಲ್ಲಿ ಸೊಪ್ಪಿನ ಗೋಣಿ ಇಡಬೇಡಿ.

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಲ್ಲೇ ಕರೆಯುವ ನಮ್ಮ ಕುರಿ ತಳಿ ಗಟ್ಟಿಯದು, ಆದರೆ ಈದು ವಾರವಾಗದ ಮರಿ ಒದ್ದೆ ನೆಲದ ಚಳಿ ತಾಳದು. ಕೆಳಗೆ ಒಣಹುಲ್ಲು ಹಾಸಿ, ಮೂಡಣ ಗಾಳಿಗೆ ಅಡ್ಡ ಗೋಣಿತಟ್ಟು ಕಟ್ಟಿ. ಇಬ್ಬನಿ ಆರದೆ ಕುರಿ, ದನ ಮೇಯಲು ಬಿಡಬೇಡಿ.

ಮಂಜು ಮತ್ತು ರಸ್ತೆ

ಮಳೆ ಬಂದು ನಿಂತು, ಆಕಾಶ ತಿಳಿಯಾಗಿ, ಗಾಳಿ ಬಿದ್ದ ರಾತ್ರಿಯ ಮರು ಬೆಳಗ್ಗೆ ಮಂಜು ಕಟ್ಟುತ್ತದೆ. ಕಾಲುವೆ, ಗದ್ದೆ, ಶಿಂಷಾ ಹೊಳೆಯ ಬದಿಯಲ್ಲಿ ಅದು ಹೆಚ್ಚು. ಮುನ್ಸೂಚನೆಯಲ್ಲಿ ‘ಮಳೆ ಕಡಿಮೆಯಾಗಲಿದೆ’ ಎಂದಿದ್ದರೆ ನಾಳೆ ಬೆಳಿಗ್ಗೆ ದಾರಿ ಕಾಣದಿರಬಹುದು ಎಂದೇ ಓದಿಕೊಳ್ಳಿ. 200 ಮೀಟರಿಗಿಂತ ಹತ್ತಿರದ್ದಷ್ಟೇ ಕಾಣುವುದು ದಟ್ಟ ಮಂಜು, 50 ಮೀಟರೂ ಕಾಣದಿದ್ದರೆ ಅತಿ ದಟ್ಟ ಮಂಜು.

ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಯಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಓಡಿಸುವುದನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದೆ. ಮಂಜಿನ ನೆವ ಹೇಳಿ ಅದರೊಳಗೆ ನುಗ್ಗಬೇಡಿ. ಕಬ್ಬು ತುಂಬಿದ ಟ್ರೇಲರುಗಳು ಸರ್ವಿಸ್ ರಸ್ತೆ ಮತ್ತು ಹಳ್ಳಿ ದಾರಿಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಹೊರಡುತ್ತವೆ. ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸದ ಟ್ರೇಲರನ್ನು ರಸ್ತೆಗೆ ಇಳಿಸಕೂಡದು. ಕಬ್ಬಿನ ತುದಿ ಜೋತು ಅದನ್ನು ಮುಚ್ಚದಂತೆಯೂ ಕಟ್ಟಬೇಕು. ಕೆಟ್ಟು ನಿಂತರೆ ಹಿಂದೆ ದೀಪ ಇಟ್ಟು ಒಬ್ಬರು ಕಾಯಬೇಕು, ಕಲ್ಲು ಇಟ್ಟು ಮನೆಗೆ ಹೋಗುವುದಲ್ಲ. ಕಾರಿನವರು ದೊಡ್ಡ ದೀಪ ಹಾಕಬೇಡಿ, ಮಂಜಿನಲ್ಲಿ ಅದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಕೆಳದೀಪ ಹಾಕಿ ನಿಧಾನವಾಗಿ ಬನ್ನಿ.

ಉತ್ತರಕ್ಕೆ, ಕಾಶಿಗೆ, ದೆಹಲಿಗೆ ಹೋಗುವವರಿಗೆ ಮಾತ್ರ ಉತ್ತರದ ಸಾಲು ಬೇಕು. ಡಿಸೆಂಬರ್ ಕೊನೆ, ಜನವರಿಯಲ್ಲಿ ಅಲ್ಲಿ ರೈಲು, ವಿಮಾನ ಗಂಟೆಗಟ್ಟಲೆ ತಡವಾಗುತ್ತವೆ. ಒಂದು ಇಳಿದು ಇನ್ನೊಂದು ಹತ್ತುವ ನಡುವೆ ಅರ್ಧ ದಿನವಾದರೂ ಬಿಟ್ಟುಕೊಳ್ಳಿ. ಶಬರಿಮಲೆಗೆ ಹೊರಡುವ ಮಾಲೆಧಾರಿಗಳು ಕೇರಳದ ಮೂರು ದಿನದ ಮುನ್ಸೂಚನೆ ನೋಡಬೇಕು. ಹಿಂಗಾರು ಅಲ್ಲಿ ಡಿಸೆಂಬರ್‌ನಲ್ಲೂ ಸುರಿಯುತ್ತದೆ, ಪಂಪೆಯಲ್ಲಿ ನೀರು ಏರುತ್ತದೆ.

ಹಕ್ಕಿಗಳ ವಿಷಯದಲ್ಲಿ

ಈ ಊರಿನವರು ಹೆಜ್ಜಾರ್ಲೆಯನ್ನು ತವರಿಗೆ ಬಾಣಂತನಕ್ಕೆ ಬಂದ ಮಗಳೆಂದು ನೋಡಿಕೊಂಡು ಬಂದಿದ್ದಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇಲ್ಲಿನ ಗೂಡುಗಳನ್ನು ಹೊರಜಗತ್ತಿಗೆ ತಿಳಿಸುವ ಎಷ್ಟೋ ಮುಂಚಿನಿಂದ ಆ ನಂಟಿದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನ ಮರಗಳು ಮನೆಯ ಹಿತ್ತಿಲಲ್ಲಿ, ಬೀದಿಯ ಮಗ್ಗುಲಲ್ಲಿ ಇವೆ. ಅದಕ್ಕೇ ಇಲ್ಲಿ ಹವಾಮಾನದ ಎಚ್ಚರಿಕೆ ಹಕ್ಕಿಗೂ ಸೇರಿದ್ದು.

ಹೆಜ್ಜಾರ್ಲೆ ಮರಿ ಮೊಟ್ಟೆಯಿಂದ ಬರುವಾಗ ಮೈಮೇಲೆ ಪುಕ್ಕವಿರುವುದಿಲ್ಲ. ಮೊದಲ ದಿನಗಳಲ್ಲಿ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ತಾಯಿ, ತಂದೆ ಸರದಿಯಲ್ಲಿ ಕೂತು ಕಾವು ಕೊಡಬೇಕು. ಸೋನೆ ಹಿಡಿದ, ಕೊರೆವ ಬೆಳಗಿನಲ್ಲಿ ದೊಡ್ಡ ಹಕ್ಕಿ ಗೂಡಿನಿಂದ ಎದ್ದರೆ ಮರಿ ಸ್ವಲ್ಪ ಹೊತ್ತಿನಲ್ಲೇ ಸೆಟೆಯುತ್ತದೆ. ಆದ್ದರಿಂದ ಹಾರುವ ಚಿತ್ರಕ್ಕಾಗಿ ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು, ಹಾರ್ನ್ ಹೊಡೆಯುವುದು, ಡ್ರೋನ್ ಏರಿಸುವುದು ಯಾವುದೂ ಕೂಡದು. ಹೊಸ ವರ್ಷದ ರಾತ್ರಿ ಪಟಾಕಿಯೂ ಕೂಡದು. ಮಂಡ್ಯಕ್ಕೆ ಹಳದಿ ಅಥವಾ ಅದಕ್ಕೂ ಮೇಲಿನ ಎಚ್ಚರಿಕೆ ಇರುವ ದಿನ ಹಕ್ಕಿ ನೋಡಲು ಬರಲೇಬೇಡಿ. ಬಂದೇ ತೀರಬೇಕೆಂದರೆ ಮಳೆ ಬಿಟ್ಟು, ಬಿಸಿಲೇರಿದ ಮೇಲೆ ಬನ್ನಿ. ಕಾರನ್ನು ಗೂಡಿನ ಮರದ ಕೆಳಗೆ ನಿಲ್ಲಿಸಬೇಡಿ.

ಗಾಳಿ, ಮಳೆಗೆ ಮರಿ ಕೆಳಗೆ ಬಿದ್ದರೆ ಮೊದಲು ನಾಯಿ, ಮಕ್ಕಳನ್ನು ದೂರ ಇಡಿ. ಆಮೇಲೆ ಅರಣ್ಯ ಇಲಾಖೆಯ ಕಾವಲುಗಾರರಿಗೆ ಅಥವಾ ಹಕ್ಕಿಗಳನ್ನು ಕಾಯುವ ಹೆಜ್ಜಾರ್ಲೆ ಬಳಗದವರಿಗೆ ತಿಳಿಸಿ. ಬಿದ್ದ ಮರಿಗಳನ್ನು ಸಾಕಿ ಬಿಟ್ಟ ಅನುಭವ ಊರಿನಲ್ಲಿದೆ. ನೀವೇ ಬಾಯಿ ಬಿಡಿಸಿ ಅನ್ನ, ಬ್ರೆಡ್ಡು, ನೀರು ಹಾಕಬೇಡಿ. ಮರಿಯನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳಬೇಡಿ.

ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಕೂಡದು. 2017ರ ಕೊನೆಯಿಂದ ಇಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ತಾಗ ಕಾರಣ ಹೊಟ್ಟೆಯ ದುಂಡುಹುಳು ಎಂದು ತಿಳಿದದ್ದು ಪರೀಕ್ಷೆಯಿಂದ. 2020–21ರ ಚಳಿಗಾಲದಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಸಾವಿರಾರು ವಲಸೆ ಬಾತುಗಳು ಹಕ್ಕಿಜ್ವರಕ್ಕೆ ಬಲಿಯಾದವು. ‘ಚಳಿಗೆ ಸತ್ತಿರಬೇಕು’ ಎಂದು ಹೂತುಬಿಡಬೇಡಿ, ಕೆರೆಗೆ ಎಸೆಯಬೇಡಿ. ಅರಣ್ಯ ಇಲಾಖೆಗೆ, ಪಶುವೈದ್ಯರಿಗೆ ಅದೇ ದಿನ ತಿಳಿಸಿ. ಕೋಳಿಗಳನ್ನು ಗೂಡಿನ ಮರಗಳಿಂದ ದೂರ ಕಟ್ಟಿ.

ಊರ ಹಾಲಿನ ಡೇರಿಯ ಮುಂದೆ ಒಂದು ಕಪ್ಪು ಹಲಗೆ ಇರಲಿ. ದಿನಕ್ಕೆ ಎರಡು ಸಲ ಊರೆಲ್ಲ ಸೇರುವ ಜಾಗ ಅದೇ. ಇವತ್ತಿನ ತಾರೀಖು, ನೋಡಿದ ಹೊತ್ತು, ಮಂಡ್ಯದ ಮೂರು ದಿನದ ಬಣ್ಣ, ಮಳೆ ಇದೆಯೇ ಇಲ್ಲವೇ, ಕನಿಷ್ಠ ತಾಪಮಾನ. ಇಷ್ಟನ್ನು ಒಬ್ಬರು ಹೊಣೆ ಹೊತ್ತು ಪ್ರತಿ ಸಂಜೆ ಬರೆಯಬೇಕು. ಕಿತ್ತಳೆ, ಕೆಂಪು ಬಂದ ದಿನ ಬರೆದು ಸುಮ್ಮನಾಗಬೇಡಿ, ಫೋನ್ ಇಲ್ಲದ ಮನೆಗಳಿಗೆ ಹೋಗಿ ಹೇಳಿ. ಬೆಳಿಗ್ಗೆ ಮುನ್ಸೂಚನೆ ಬದಲಾಗಿದ್ದರೆ ಹಾಲು ಹಾಕಲು ಬರುವವರು ಬರುವುದರೊಳಗೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಿರಿ.